ಹೊಳೆಯ ಕೆಳಗೆ ಮಾರಿದರು

ಇಂಗ್ಲಿಷ್ ಪತ್ರಿಕೆ ಓದುವ ರೂಢಿ ಇರುವವರಿಗೆ ‘ಸೋಲ್ಡ್ ಡೌನ್ ದ ರಿವರ್’ ಎಂಬ ಮಾತು ಹೊಸದಲ್ಲ. ಸಂಘದ ಮುಖಂಡರು ಆಡಳಿತ ಮಂಡಳಿಯ ಜೊತೆ ಬಾಗಿಲು ಹಾಕಿಕೊಂಡು ರಾಜಿಯಾದರೆ, ನಮ್ಮನ್ನು ಹೊಳೆಯ ಕೆಳಗೆ ಮಾರಿಬಿಟ್ಟರು ಎಂದು ಕಾರ್ಮಿಕರು ದೂರುತ್ತಾರೆ. ಬ್ರೆಕ್ಸಿಟ್ ಒಪ್ಪಂದದಲ್ಲಿ ತಮ್ಮ ಕಡಲಿನ ಪಾಲು ಬಿಟ್ಟುಕೊಡಲಾಯಿತು ಎಂದು ಸಿಟ್ಟಿಗೆದ್ದ ಬ್ರಿಟನ್ನಿನ ಮೀನುಗಾರರ ಬಾಯಲ್ಲೂ ಇದೇ ಮಾತಿತ್ತು. ಕ್ಲಬ್ಬು ಮೆಚ್ಚಿನ ಆಟಗಾರನನ್ನು ಬಿಟ್ಟುಕೊಟ್ಟಾಗ ಫುಟ್‌ಬಾಲ್ ಅಭಿಮಾನಿಯೂ ಹೀಗೇ ಹೇಳುತ್ತಾನೆ. ನಿಘಂಟು ಕೊಡುವ ಅರ್ಥ ಸರಳವಾಗಿದೆ: ನಂಬಿದವರಿಗೆ ಸ್ವಂತ ಲಾಭಕ್ಕಾಗಿ ದ್ರೋಹ ಬಗೆಯುವುದು.

ಅರ್ಥ ಸಿಕ್ಕಿತು, ಓದು ಮುಂದೆ ಹೋಯಿತು. ಆದರೆ ದ್ರೋಹಕ್ಕೂ ಹೊಳೆಗೂ ಏನು ನಂಟು? ಮಾರುವವರು ಎಲ್ಲಿ ಬೇಕಾದರೂ ಮಾರಬಹುದಿತ್ತಲ್ಲ, ನೀರು ಹರಿಯುವ ದಿಕ್ಕಿಗೇ ಏಕೆ? ಉತ್ತರ ಕೇಳಿದರೆ ಎದೆ ಭಾರವಾಗುತ್ತದೆ. ಈ ನುಡಿಗಟ್ಟಿನ ಹೊಳೆ ನಕ್ಷೆಯಲ್ಲಿ ಬೆರಳಿಟ್ಟು ತೋರಿಸಬಹುದಾದ ಹೊಳೆ. ಮಾರಾಟವೂ ರಸೀದಿ ಬರೆದು, ಹಣ ಎಣಿಸಿ ನಡೆದ ಮಾರಾಟ. ಮಾರಿದ್ದು ಮನುಷ್ಯರನ್ನು.

ಹೊಳೆ ಒಂದಲ್ಲ, ಎರಡು. ಅಮೆರಿಕದ ಪಿಟ್ಸ್‌ಬರ್ಗ್ ನಗರದಲ್ಲಿ ಹುಟ್ಟುವ ಒಹಾಯೊ ನದಿ ಸುಮಾರು 1,580 ಕಿ.ಮೀ. ಹರಿದು, ಇಲಿನಾಯ್ ರಾಜ್ಯದ ಕೇರೋ ಎಂಬ ಊರಿನ ಹತ್ತಿರ ಮಿಸಿಸಿಪ್ಪಿಗೆ ಸೇರುತ್ತದೆ. ಅಲ್ಲಿಂದ ಮಿಸಿಸಿಪ್ಪಿ ಮೆಂಫಿಸ್, ವಿಕ್ಸ್‌ಬರ್ಗ್, ನ್ಯಾಚೆಜ್, ನ್ಯೂ ಆರ್ಲಿಯನ್ಸ್ ಊರುಗಳನ್ನು ಹಾದು ದಕ್ಷಿಣಕ್ಕೆ ಇಳಿದು ಮೆಕ್ಸಿಕೊ ಕೊಲ್ಲಿ ಮುಟ್ಟುತ್ತದೆ. ಹತ್ತೊಂಬತ್ತನೆಯ ಶತಮಾನದ ಮೊದಲರ್ಧದಲ್ಲಿ ಈ ನೀರಿನ ದಾರಿಗೆ ಒಂದು ಕ್ರೂರ ಭೂಗೋಳವಿತ್ತು. ಒಹಾಯೊ ನದಿಯ ಉತ್ತರ ದಡದ ರಾಜ್ಯಗಳಲ್ಲಿ ಗುಲಾಮಗಿರಿಗೆ ನಿಷೇಧ, ದಕ್ಷಿಣ ದಡದ ಕೆಂಟಕಿಯಲ್ಲಿ ಅದಕ್ಕೆ ಕಾನೂನಿನ ಬೆಂಬಲ. ಕೆಂಟಕಿಯಿಂದ, ಮಿಸೌರಿಯಿಂದ ಹೊಳೆಗುಂಟ ಕೆಳಗೆ ಇಳಿದಷ್ಟೂ ಹತ್ತಿಯ ಮತ್ತು ಕಬ್ಬಿನ ದೊಡ್ಡ ತೋಟಗಳು. ನೀರು ಹರಿಯುವ ಕಡೆಗೇ ಮನುಷ್ಯನ ಬೆಲೆಯೂ ಏರುತ್ತಿತ್ತು. ವ್ಯಾಪಾರಿಗಳು ಆ ಕಡೆಗೇ ಸರಕು ಸಾಗಿಸಿದರು.

ಈ ವ್ಯಾಪಾರ ಹೀಗೆ ಉಬ್ಬಲು ಎರಡು ಕಾರಣ ಕೂಡಿ ಬಂದವು. 1793ರಲ್ಲಿ ಎಲಿ ವಿಟ್ನಿ ಎಂಬಾತ ಹತ್ತಿಯಿಂದ ಬೀಜ ಬಿಡಿಸುವ ಯಂತ್ರ ಮಾಡಿದ. ಕೈಯಲ್ಲಿ ಬೀಜ ಬಿಡಿಸುವ ಕಷ್ಟ ತಪ್ಪಿದ್ದೇ ತಡ, ಹತ್ತಿಯ ತೋಟಗಳು ಅಲಬಾಮಾ, ಮಿಸಿಸಿಪ್ಪಿ, ಲೂಯಿಸಿಯಾನಾಗಳ ತುಂಬ ಹಬ್ಬಿದವು. ಬೀಜ ಬಿಡಿಸಲು ಯಂತ್ರ ಬಂತು, ಹತ್ತಿ ಬಿಡಿಸಲು ಮಾತ್ರ ಮನುಷ್ಯರ ಕೈಯೇ ಬೇಕಾಗಿತ್ತು. ಅದೇ ಹೊತ್ತಿಗೆ, 1808ರ ಜನವರಿ 1ರಿಂದ, ಆಫ್ರಿಕಾದಿಂದ ಗುಲಾಮರನ್ನು ತರುವುದನ್ನು ಅಮೆರಿಕ ನಿಷೇಧಿಸಿತು. ಹೊರಗಿನಿಂದ ತರುವಂತಿಲ್ಲ, ಒಳಗೆ ಬೇಡಿಕೆ ಬೆಟ್ಟದಷ್ಟು. ಇತ್ತ ವರ್ಜೀನಿಯಾ, ಮೇರಿಲ್ಯಾಂಡ್‌ಗಳಲ್ಲಿ ಹೊಗೆಸೊಪ್ಪು ಬೆಳೆದು ಬೆಳೆದು ನೆಲ ಸತ್ವ ಕಳೆದುಕೊಂಡಿತ್ತು. ಅಲ್ಲಿನ ಒಡೆಯರಿಗೆ ತಮ್ಮ ಮನೆಯಲ್ಲಿ ಹುಟ್ಟಿ ಬೆಳೆದ ಗುಲಾಮರನ್ನು ಮಾರುವುದೇ ಆದಾಯವಾಯಿತು. 1790ರಿಂದ 1860ರವರೆಗಿನ ಎಪ್ಪತ್ತು ವರ್ಷಗಳಲ್ಲಿ ಹೀಗೆ ಮೇಲಿನ ರಾಜ್ಯಗಳಿಂದ ಕೆಳಗಿನ ರಾಜ್ಯಗಳಿಗೆ ಸಾಗಿಹೋದವರು ಸುಮಾರು ಹತ್ತು ಲಕ್ಷ ಎಂದು ಇತಿಹಾಸಕಾರರು ಅಂದಾಜು ಮಾಡಿದ್ದಾರೆ.

ಎಲ್ಲರೂ ಹೊಳೆಯ ಮೇಲೇ ಹೋದರೆಂದಲ್ಲ. ಸರಪಳಿ ಬಿಗಿದು ನೂರಾರು ಮೈಲಿ ಕಾಲ್ನಡಿಗೆಯಲ್ಲಿ ಅಟ್ಟಿದ ತಂಡಗಳಿದ್ದವು. ಬಾಲ್ಟಿಮೋರ್, ನಾರ್‌ಫೋಕ್ ಬಂದರುಗಳಿಂದ ಹಡಗಿನಲ್ಲಿ ಸಮುದ್ರ ಸುತ್ತಿ ನ್ಯೂ ಆರ್ಲಿಯನ್ಸ್ ತಲುಪಿದವರೂ ಇದ್ದರು. ಆದರೆ ಕೆಂಟಕಿ, ಮಿಸೌರಿಯವರಿಗೆ ಹೊಳೆಯೇ ಹೆದ್ದಾರಿ. ಮೊದಲು ಚಪ್ಪಟೆ ತಳದ ಮರದ ದೋಣಿಗಳು, 1811ರಲ್ಲಿ ಮೊದಲ ಉಗಿದೋಣಿ ಪಿಟ್ಸ್‌ಬರ್ಗ್‌ನಿಂದ ಹೊರಟ ಮೇಲೆ ಉಗಿದೋಣಿಗಳು. ಆ ಸೀಮೆಯ ಗುಲಾಮರ ನಿತ್ಯದ ಮಾತಿನಲ್ಲಿ ‘ಹೊಳೆಯ ಕೆಳಗೆ’ ಎಂದರೆ ಮರಳಿ ಬಾರದ ಜಾಗ.

ಆ ಜಾಗದಲ್ಲಿ ಏನಿತ್ತು? ಹತ್ತಿಯ ತೋಟದಲ್ಲಿ ಪ್ರತಿಯೊಬ್ಬರೂ ದಿನಕ್ಕೆ ಇಷ್ಟು ತೂಕ ಬಿಡಿಸಬೇಕೆಂಬ ಲೆಕ್ಕ. ಸಂಜೆ ತಕ್ಕಡಿಯ ಮುಂದೆ ಸಾಲು, ತೂಕ ಕಡಿಮೆ ಬಿದ್ದವರ ಬೆನ್ನಿಗೆ ಚಾಟಿ. ಲೂಯಿಸಿಯಾನಾದ ಕಬ್ಬಿನ ತೋಟಗಳು ಇದಕ್ಕಿಂತ ಭೀಕರ. ನಮ್ಮ ಮಂಡ್ಯ ಸೀಮೆಯ ಆಲೆಮನೆ ಕಂಡವರಿಗೆ ಕೊಪ್ಪರಿಗೆಯಲ್ಲಿ ಕುದಿಯುವ ಕಬ್ಬಿನ ಹಾಲಿನ ಝಳ ಗೊತ್ತು. ಅಂಥ ಕೊಪ್ಪರಿಗೆಗಳ ಸಾಲು, ಅವುಗಳ ಮುಂದೆ ಬಲವಂತದಿಂದ ನಿಲ್ಲಿಸಿದ ಜನ, ಹಗಲು ರಾತ್ರಿ ಪಾಳಿಯಲ್ಲಿ ನಡೆಯುವ ಗಾಣ. ಚಳಿಗೆ ಕಬ್ಬು ಹಾಳಾಗುವುದರೊಳಗೆ ಅರೆದು ಮುಗಿಸಬೇಕೆಂಬ ಅವಸರದಲ್ಲಿ ವಾರಗಟ್ಟಲೆ ಸರಿಯಾಗಿ ನಿದ್ದೆ ಇರುತ್ತಿರಲಿಲ್ಲ. ಸುತ್ತ ಜೌಗು ನೆಲ, ಮಲೇರಿಯಾ, ಹಳದಿ ಜ್ವರ. ಕೆಂಟಕಿಯ ಗುಲಾಮನೂ ಗುಲಾಮನೇ, ಅವನ ಬದುಕು ಸುಖದ್ದಾಗಿತ್ತೆಂದು ಯಾರೂ ತಿಳಿಯಬಾರದು. ಆದರೆ ಅಲ್ಲಿ ಅವನಿಗೆ ಹೆಂಡತಿ ಇದ್ದಳು, ಮಕ್ಕಳಿದ್ದರು, ತಾಯಿಯ ಗೋರಿ ಇತ್ತು. ಹೊಳೆ ಅವೆಲ್ಲವನ್ನೂ ಒಂದೇ ದಿನದಲ್ಲಿ ಕಿತ್ತುಕೊಳ್ಳುತ್ತಿತ್ತು.

ನುಡಿಗಟ್ಟು ಇಂದು ‘ಕ್ರೌರ್ಯ’ ಎಂಬ ಅರ್ಥ ಕೊಡದೆ ‘ದ್ರೋಹ’ ಎಂಬ ಅರ್ಥ ಕೊಡುವುದು ಇಲ್ಲಿಂದಲೇ. ಚಾಟಿ ಬೀಸಿದವನು ಕೆಳಗಿನ ತೋಟದ ಅಪರಿಚಿತ. ಮಾರಿದವನು ಮಾತ್ರ ಹುಟ್ಟಿನಿಂದ ಬಲ್ಲ ಒಡೆಯ. ಎಷ್ಟೋ ಸಲ ಅವನೇ ‘ನಿನ್ನನ್ನು ಮಾರುವುದಿಲ್ಲ’ ಎಂದು ಮಾತು ಕೊಟ್ಟಿರುತ್ತಿದ್ದ. ಸಾಲ ಮೈಮೇಲೆ ಬಂದಾಗ, ಹಿರಿಯ ಒಡೆಯ ಸತ್ತು ಆಸ್ತಿ ಪಾಲಾದಾಗ, ಆ ಮಾತು ಹಣದ ಮುಂದೆ ನಿಲ್ಲುತ್ತಿರಲಿಲ್ಲ. ಹ್ಯಾರಿಯೆಟ್ ಬೀಚರ್ ಸ್ಟೋವ್ 1852ರಲ್ಲಿ ಪ್ರಕಟಿಸಿದ ‘ಅಂಕಲ್ ಟಾಮ್ಸ್ ಕ್ಯಾಬಿನ್’ ಕಾದಂಬರಿ ಶುರುವಾಗುವುದೇ ಹೀಗೆ. ಕೆಂಟಕಿಯ ಶೆಲ್ಬಿ ಒಳ್ಳೆಯವನೆಂದು ಹೆಸರಾದ ಒಡೆಯ, ಸಾಲಕ್ಕೆ ಸಿಕ್ಕಿ ತನ್ನ ಅತ್ಯಂತ ನಂಬಿಗಸ್ತ ಆಳನ್ನೇ ವ್ಯಾಪಾರಿಗೆ ಒಪ್ಪಿಸುತ್ತಾನೆ.

ಆ ಕಾದಂಬರಿಗೆ ಆಧಾರವಾದ ನಿಜವಾದ ಬದುಕುಗಳಲ್ಲಿ ಒಂದು ಜೊಸಾಯಾ ಹೆನ್ಸನ್‌ನದು. ಈ ನುಡಿಗಟ್ಟು ಅರ್ಥವಾಗಬೇಕಾದರೆ ಅವನ ಕಥೆಯನ್ನು ಸ್ವಲ್ಪ ನಿಧಾನವಾಗಿ ಕೇಳಬೇಕು.

ಹೆನ್ಸನ್ ಹುಟ್ಟಿದ್ದು 1789ರಲ್ಲಿ, ಮೇರಿಲ್ಯಾಂಡ್‌ನಲ್ಲಿ. ಅವನ ತಾಯಿಯ ಮೇಲೆ ಕೈಮಾಡಿದ ಮೇಸ್ತ್ರಿಯನ್ನು ತಂದೆ ಹೊಡೆದ. ಅದಕ್ಕೆ ಶಿಕ್ಷೆಯಾಗಿ ತಂದೆಗೆ ನೂರು ಚಾಟಿಯೇಟು ಬಿತ್ತು, ಒಂದು ಕಿವಿ ಕತ್ತರಿಸಿದರು, ಆಮೇಲೆ ಅಲಬಾಮಾಕ್ಕೆ ಮಾರಿದರು. ಅಲ್ಲಿಗೆ ತಂದೆಯ ಸುದ್ದಿ ಮುಗಿಯಿತು. ಮುಂದೆ ಹೆನ್ಸನ್ ಐಸಾಕ್ ರೈಲಿ ಎಂಬ ಒಡೆಯನ ತೋಟದಲ್ಲಿ ದುಡಿದು, ನಂಬಿಕೆ ಗಳಿಸಿ, ತೋಟದ ಉಸ್ತುವಾರಿಯವರೆಗೆ ಬಂದ. 1825ರಲ್ಲಿ ರೈಲಿ ವ್ಯಾಜ್ಯಕ್ಕೆ ಸಿಕ್ಕಿ, ಗುಲಾಮರು ಜಪ್ತಿಯಾಗುವ ಭಯ ಬಂದಾಗ, ಎಲ್ಲರನ್ನೂ ಕೆಂಟಕಿಯಲ್ಲಿರುವ ತನ್ನ ಸಹೋದರನ ತೋಟಕ್ಕೆ ಮುಟ್ಟಿಸು ಎಂದು ಹೆನ್ಸನ್‌ನನ್ನು ಬೇಡಿಕೊಂಡ. ಹೆನ್ಸನ್ ಮಾತು ಕೊಟ್ಟ. ಹೆಂಡತಿ ಮಕ್ಕಳೂ ಸೇರಿ ಇಪ್ಪತ್ತಕ್ಕೂ ಹೆಚ್ಚು ಜನರನ್ನು ಕರೆದುಕೊಂಡು, ಕಾವಲಿನ ಬಿಳಿಯರಿಲ್ಲದೆ, ತಾನೇ ಮುಂದಾಳಾಗಿ ಒಹಾಯೊ ನದಿಯಲ್ಲಿ ದೋಣಿ ನಡೆಸಿದ.

ದೋಣಿ ಸಿನ್ಸಿನಾಟಿಗೆ ಬಂತು. ಅದು ಸ್ವತಂತ್ರ ನೆಲ. ದಡದಲ್ಲಿ ಕಪ್ಪು ಜನ ಗುಂಪುಗೂಡಿ, ಇಳಿಯಿರಿ, ಇಲ್ಲಿ ಇಳಿದರೆ ನೀವು ಯಾರ ಗುಲಾಮರೂ ಅಲ್ಲ ಎಂದು ಕೂಗಿ ಹೇಳಿದರು. ಜೊತೆಯವರ ಮನಸ್ಸು ಅಲುಗಾಡಿತು. ಕೊಟ್ಟ ಮಾತಿಗೆ ಕಟ್ಟುಬಿದ್ದ ಹೆನ್ಸನ್ ದೋಣಿಯನ್ನು ದಡದಿಂದ ತಳ್ಳಿಸಿ, ಎಲ್ಲರನ್ನೂ ಕೆಂಟಕಿಯ ದಾಸ್ಯಕ್ಕೇ ಮುಟ್ಟಿಸಿದ.

ಒಡೆಯರು ಅವನ ಮಾತಿಗೆ ಕೊಟ್ಟ ಬೆಲೆ ಮುಂದಿನ ಐದು ವರ್ಷಗಳಲ್ಲಿ ಗೊತ್ತಾಯಿತು. ಮೊದಲು, ಹೆನ್ಸನ್‌ನ ಕುಟುಂಬವೊಂದನ್ನು ಬಿಟ್ಟು, ಅವನು ಕರೆತಂದ ಉಳಿದವರನ್ನೆಲ್ಲ ಮಾರಿದರು. ಬಳಿಕ ಅವನು 450 ಡಾಲರ್ ಕೊಟ್ಟರೆ ಬಿಡುಗಡೆ ಎಂದು ಒಪ್ಪಂದವಾಯಿತು. ಅವನು 350 ಡಾಲರ್ ಕಟ್ಟಿದ ಮೇಲೆ ಗೊತ್ತುಮಾಡಿದ ಮೊತ್ತ ಸಾವಿರ ಎಂದು ಮೋಸ ಮಾಡಿದರು. ಕೊನೆಗೆ 1830ರಲ್ಲಿ, ಸರಕು ಮಾರಲು ನ್ಯೂ ಆರ್ಲಿಯನ್ಸ್‌ಗೆ ಹೊರಟ, ಆ ಸಹೋದರನ ಮಗ ಏಮಸ್‌ನ ಜೊತೆ ದೋಣಿಯಲ್ಲಿ ಹೋಗು ಎಂದರು. ಆ ಸರಕಿನಲ್ಲಿ ತಾನೂ ಒಂದು ಎಂಬುದು ಹೆನ್ಸನ್‌ಗೆ ಅರ್ಥವಾಯಿತು.

ದಾರಿಯಲ್ಲಿ ವಿಕ್ಸ್‌ಬರ್ಗ್ ಹತ್ತಿರದ ಒಂದು ತೋಟದಲ್ಲಿ ತನ್ನ ಹಳೆಯ ಸಂಗಾತಿಗಳು ಕೆಲವರು ಇದ್ದಾರೆಂದು ತಿಳಿದು, ಅಪ್ಪಣೆ ಪಡೆದು ನೋಡಲು ಹೋದ. ಹಿಂದೆ ತಾನೇ ದೋಣಿಯಲ್ಲಿ ಕರೆತಂದವರು ಅವರು. ಸಿನ್ಸಿನಾಟಿಯಲ್ಲಿ ಇಳಿಯಗೊಟ್ಟಿದ್ದರೆ ಸ್ವತಂತ್ರರಾಗಿರುತ್ತಿದ್ದರು. ಈಗ ಹಸಿವು, ರೋಗಗಳಿಂದ ಕೆನ್ನೆ ಒಳಸೇರಿ, ಅರೆಬೆತ್ತಲೆಯಾಗಿ, ಹುಳಹುಪ್ಪಟೆ ತುಂಬಿದ ಜೌಗಿನಲ್ಲಿ ದುಡಿಯುತ್ತ, ಸಾವು ಬಂದರೆ ಸಾಕು ಎನ್ನುತ್ತಿದ್ದರು. ತನ್ನ ಬದುಕಿನಲ್ಲಿ ಅಷ್ಟು ದುಃಖದ ಭೇಟಿ ಇನ್ನೊಂದಿಲ್ಲ ಎಂದು ಅವನು ಆಮೇಲೆ ಆತ್ಮಕಥೆಯಲ್ಲಿ ಬರೆದ. ಒಡೆಯರ ದ್ರೋಹ ಎಷ್ಟು ಆಳಕ್ಕೆ ಇಳಿದಿತ್ತೆಂದರೆ, ಒಳ್ಳೆಯ ಮನುಷ್ಯನೊಬ್ಬನ ಪ್ರಾಮಾಣಿಕತೆಯನ್ನೇ ಅದು ತನ್ನವರ ವಿರುದ್ಧ ಬಳಸಿಕೊಂಡಿತ್ತು.

ನ್ಯೂ ಆರ್ಲಿಯನ್ಸ್ ಹತ್ತಿರವಾಗುತ್ತಿದ್ದ ಒಂದು ರಾತ್ರಿ, ಮಲಗಿದ್ದ ಏಮಸ್‌ನ ತಲೆಯ ಮೇಲೆ ಹೆನ್ಸನ್ ಕೊಡಲಿ ಎತ್ತಿ ನಿಂತ. ಕೊಲೆ ಪಾಪ ಎಂಬ ಭಯ ಅವನ ಕೈ ತಡೆಯಿತು. ಆಮೇಲೆ ನಡೆದದ್ದು ಕಾದಂಬರಿಕಾರರೂ ಕಟ್ಟಲು ಹಿಂಜರಿಯುವಂಥದ್ದು. ಮಾರಾಟ ಮುಗಿಯುವ ಮೊದಲೇ ಏಮಸ್‌ಗೆ ಜ್ವರ ಹತ್ತಿ, ನನ್ನನ್ನು ಮನೆಗೆ ಮುಟ್ಟಿಸು ಎಂದು ಅದೇ ಹೆನ್ಸನ್‌ನ ಮುಂದೆ ಅಂಗಲಾಚಿದ. ಹೆನ್ಸನ್ ಶುಶ್ರೂಷೆ ಮಾಡುತ್ತ ಉಗಿದೋಣಿಯಲ್ಲಿ ಅವನನ್ನು ಹೊಳೆಯ ಮೇಲಕ್ಕೆ ಕರೆತಂದು ಬದುಕಿಸಿದ. ಮನೆಯವರಿಂದ ಬಂದ ಕೃತಜ್ಞತೆ ನಾಲ್ಕು ಮಾತಿನದು. ಮತ್ತೆ ಮಾರುತ್ತಾರೆಂಬುದರಲ್ಲಿ ಅನುಮಾನ ಉಳಿಯದಿದ್ದಾಗ, ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಹೆಂಡತಿ ಷಾರ್ಲಟ್ ಮತ್ತು ನಾಲ್ಕು ಮಕ್ಕಳ ಜೊತೆ ನದಿ ದಾಟಿದ. ಎರಡು ಚಿಕ್ಕ ಮಕ್ಕಳನ್ನು ಒರಟು ಬಟ್ಟೆಯ ಚೀಲದಲ್ಲಿ ಬೆನ್ನಿಗೆ ಕಟ್ಟಿಕೊಂಡು, ಹೆಚ್ಚಾಗಿ ರಾತ್ರಿ ಹೊತ್ತು ನಡೆದು, 1830ರ ಅಕ್ಟೋಬರ್ 28ರಂದು ಕೆನಡಾದ ನೆಲ ಮುಟ್ಟಿದ. ಅಲ್ಲಿ ತನ್ನಂತೆ ಓಡಿಬಂದವರಿಗಾಗಿ ‘ಡಾನ್’ ಎಂಬ ನೆಲೆ ಕಟ್ಟುವುದರಲ್ಲಿ ಮುಂದಾದ. 1883ರವರೆಗೆ ಬದುಕಿದ.

ಈ ನುಡಿಗಟ್ಟನ್ನು ಸಾಹಿತ್ಯದಲ್ಲಿ ಅತ್ಯಂತ ಚೆನ್ನಾಗಿ ಬಳಸಿದವನು ಮಾರ್ಕ್ ಟ್ವೇನ್ ಎಂಬುದು ನನ್ನ ಅಭಿಪ್ರಾಯ. ಅವನು ಬೆಳೆದದ್ದು ಮಿಸಿಸಿಪ್ಪಿ ದಂಡೆಯ ಹ್ಯಾನಿಬಲ್ ಊರಿನಲ್ಲಿ. ಕೆಳಗೆ ಸಾಗಿಸಲು ಸರಪಳಿ ಹಾಕಿ ಹಾದಿಯ ಮೇಲೆ ಮಲಗಿಸಿದ್ದ ಕಪ್ಪು ಗಂಡಸರು ಹೆಂಗಸರ ಮುಖಗಳನ್ನು ಬಾಲ್ಯದಲ್ಲೇ ಕಂಡವನು. 1859ರಲ್ಲಿ ಉಗಿದೋಣಿ ನಡೆಸುವ ಪರವಾನಗಿ ಪಡೆದವನು, ನೀರನ್ನು ಅಕ್ಷರದಂತೆ ಓದಲು ಬಲ್ಲವನು. ಅವನ ‘ಹಕಲ್‌ಬೆರಿ ಫಿನ್’ನಲ್ಲಿ ಜಿಮ್ ಓಡಿಹೋಗುವುದು, ತನ್ನನ್ನು 800 ಡಾಲರಿಗೆ ನ್ಯೂ ಆರ್ಲಿಯನ್ಸ್‌ಗೆ ಮಾರುವ ಮಾತು ಕಿವಿಗೆ ಬಿದ್ದದ್ದರಿಂದ. ಕೇರೋದಲ್ಲಿ ಇಳಿದು ಒಹಾಯೊ ನದಿಯ ಮೇಲಕ್ಕೆ, ಸ್ವತಂತ್ರ ರಾಜ್ಯಗಳಿಗೆ ಹೋಗುವ ಯೋಜನೆ. ಆದರೆ ಮಂಜಿನ ರಾತ್ರಿಯಲ್ಲಿ ತೆಪ್ಪ ಕೇರೋವನ್ನು ದಾಟಿಬಿಡುತ್ತದೆ. ಯಾವ ದಿಕ್ಕಿಗೆ ಹೆದರಿ ಜಿಮ್ ಓಡಿಬಂದನೋ ಹೊಳೆ ಅವನನ್ನು ಅದೇ ದಿಕ್ಕಿಗೆ ಒಯ್ಯುತ್ತದೆ.

1894ರ ‘ಪುಡ್ನ್‌ಹೆಡ್ ವಿಲ್ಸನ್’ನಲ್ಲಿ ಟ್ವೇನ್ ಇನ್ನೂ ಮುಂದೆ ಹೋದ. ಅಲ್ಲಿ ಡ್ರಿಸ್ಕಲ್ ಎಂಬ ಒಡೆಯ, ಸಣ್ಣ ಕಳ್ಳತನ ಮಾಡಿದವರು ಒಪ್ಪಿಕೊಳ್ಳದಿದ್ದರೆ ಹೊಳೆಯ ಕೆಳಗೆ ಮಾರುವುದಾಗಿ ಹೆದರಿಸುತ್ತಾನೆ. ಅವರು ನಡುಗಿ ಒಪ್ಪಿಕೊಂಡಾಗ, ಊರಿನಲ್ಲೇ ಮಾರಿ, ತಾನು ದಯಾಳು ಎಂದು ದಿನಚರಿಯಲ್ಲಿ ಬರೆದುಕೊಳ್ಳುತ್ತಾನೆ. ಅದನ್ನು ಕಂಡ ರಾಕ್ಸಿ ಎಂಬ ತಾಯಿ, ತನ್ನ ಕೂಸಿಗೂ ಆ ಗತಿ ಬಂದೀತೆಂದು ತೊಟ್ಟಿಲಲ್ಲಿ ಒಡೆಯನ ಮಗುವನ್ನೂ ತನ್ನ ಮಗುವನ್ನೂ ಅದಲುಬದಲು ಮಾಡುತ್ತಾಳೆ. ಒಡೆಯನಾಗಿ ಬೆಳೆದ ಆ ಮಗನ ಸಾಲ ತೀರಿಸಲು ಕೊನೆಗೆ ಅವಳೇ ತನ್ನನ್ನು ಮಾರಲು ಒಪ್ಪುತ್ತಾಳೆ. ಹೊಳೆಯ ಮೇಲಿನ ಊರಿಗೆ ಮಾರುತ್ತೇನೆಂದು ನಂಬಿಸಿ ಮಗ ಅವಳನ್ನು ಕೆಳಗಿನ ಹತ್ತಿ ತೋಟದವನಿಗೆ ಮಾರುತ್ತಾನೆ. ದೋಣಿಯಲ್ಲಿ ಕೂತ ರಾಕ್ಸಿಗೆ ಯಾರೂ ಏನೂ ಹೇಳುವುದಿಲ್ಲ. ನೀರಿನಲ್ಲಿ ಚಾಚಿದ ಮರದ ಕೊರಡಿನ ಸುತ್ತ ಪ್ರವಾಹ ಸೀಳುವ ಬಗೆ ಅವಳ ಕಣ್ಣಿಗೆ ಬೀಳುತ್ತದೆ. ವರ್ಷಗಟ್ಟಲೆ ಉಗಿದೋಣಿಯಲ್ಲಿ ಕೆಲಸ ಮಾಡಿದವಳು ಅವಳು. ದೋಣಿ ಯಾವ ಕಡೆಗೆ ಸಾಗುತ್ತಿದೆ ಎಂದು ಅಲ್ಲೇ ತಿಳಿಯುತ್ತದೆ, ತಲೆ ಎದೆಯ ಮೇಲೆ ಬೀಳುತ್ತದೆ. ನುಡಿಗಟ್ಟಿನ ಎರಡು ಅರ್ಥಗಳೂ, ದಿಕ್ಕು ಮತ್ತು ದ್ರೋಹ, ಆ ಕ್ಷಣದಲ್ಲಿ ಒಂದಾಗುತ್ತವೆ. ಇಂಗ್ಲಿಷ್ ಓದುವ ನಮ್ಮ ಮಕ್ಕಳಿಗೆ ಈ ಮಾತಿನ ಅರ್ಥ ಹೇಳಿಕೊಡುವ ಮೇಷ್ಟರು ಆ ಒಂದು ಪುಟ ಓದಿಸಿದರೆ ಸಾಕು.

ಈ ವ್ಯಾಪಾರವನ್ನು ಕಣ್ಣಾರೆ ಕಂಡವರಲ್ಲಿ ಅಬ್ರಹಾಂ ಲಿಂಕನ್ ಕೂಡ ಒಬ್ಬ. 1841ರಲ್ಲಿ ಲೂಯಿವಿಲ್‌ನಿಂದ ಸೇಂಟ್ ಲೂಯಿಸ್‌ಗೆ ಹೋಗುವ ಉಗಿದೋಣಿಯಲ್ಲಿ, ಕೆಂಟಕಿಯಿಂದ ದಕ್ಷಿಣದ ತೋಟಕ್ಕೆ ಹೊರಟ ಹನ್ನೆರಡು ಗುಲಾಮರನ್ನು ಆರಾರು ಜನರಂತೆ ಸರಪಳಿಯಲ್ಲಿ ಬಿಗಿದದ್ದನ್ನು ಕಂಡ. ಆಗ ಬರೆದ ಪತ್ರದಲ್ಲಿ, ಆ ಸ್ಥಿತಿಯಲ್ಲೂ ಅವರು ಉಲ್ಲಾಸವಾಗಿದ್ದರೆಂದು ಅಚ್ಚರಿಪಟ್ಟಿದ್ದ. ಹದಿನಾಲ್ಕು ವರ್ಷಗಳ ಮೇಲೆ, 1855ರಲ್ಲಿ, ಗೆಳೆಯ ಜೋಶುವಾ ಸ್ಪೀಡ್‌ಗೆ ಬರೆಯುವಾಗ ಆ ನೋಟ ತನ್ನನ್ನು ಬಿಡದೆ ಕಾಡುತ್ತಿದೆ ಎಂದ. ಗುಲಾಮಗಿರಿ ಕಾನೂನಿನಿಂದ ಅಳಿದದ್ದು 1865ರ ಡಿಸೆಂಬರ್‌ನಲ್ಲಿ, ಸಂವಿಧಾನದ ಹದಿಮೂರನೆಯ ತಿದ್ದುಪಡಿಯಿಂದ.

ಇಲ್ಲೊಂದು ಗೊಂದಲ ಬಿಡಿಸಬೇಕು. ಅಮೆರಿಕದ ಸಿನಿಮಾಗಳಲ್ಲಿ ‘ಅಪ್ ದ ರಿವರ್’ ಎಂಬ ಮಾತೂ ಬರುತ್ತದೆ. ಅದಕ್ಕೆ ಜೈಲಿಗೆ ಹೋಗುವುದು ಎಂದರ್ಥ. ಆ ಹೊಳೆ ಬೇರೆ. ನ್ಯೂಯಾರ್ಕ್‌ನಿಂದ ಹಡ್ಸನ್ ನದಿಯ ಮೇಲಕ್ಕೆ ಸುಮಾರು 50 ಕಿ.ಮೀ. ಹೋದರೆ ಸಿಂಗ್ ಸಿಂಗ್ ಸೆರೆಮನೆ. ನಗರದ ಕೈದಿಗಳನ್ನು ಅಲ್ಲಿಗೆ ಕಳಿಸುತ್ತಿದ್ದರಿಂದ ಆ ಮಾತು ಹುಟ್ಟಿತು. ಎರಡೂ ಮಾತುಗಳು ಕೇಳಲು ಜೋಡಿಯಂತಿದ್ದರೂ ಅವುಗಳಿಗೆ ಒಂದೇ ಬೇರಿಲ್ಲ.

ನಿಜವಾದ ಮಾರಾಟದ ಮಾತು ಅಲಂಕಾರದ ಮಾತಾಗಲು ಹೆಚ್ಚು ಕಾಲ ಬೇಕಾಗಲಿಲ್ಲ. 1927ರಲ್ಲಿ ಪಿ.ಜಿ. ವುಡ್‌ಹೌಸ್ ತನ್ನ ‘ದ ಸ್ಮಾಲ್ ಬ್ಯಾಚುಲರ್’ ಎಂಬ ಹಾಸ್ಯ ಕಾದಂಬರಿಯಲ್ಲಿ, ಎರಡನೆಯ ಮದುವೆಯಾದ ಗಂಡಸೊಬ್ಬ ಹೆಂಡತಿಯ ಕೈಕೆಳಗೆ ಬಿದ್ದದ್ದನ್ನು ಹೇಳಲು ಇದನ್ನು ಬಳಸಿದ. ನಿಜವಾಗಿಯೂ ಹೊಳೆಯ ಕೆಳಗೆ ಮಾರಾಟವಾದವರಲ್ಲಿ ಕೆಲವರು ಆಗ ಇನ್ನೂ ಬದುಕಿದ್ದರು. ಅದಾದ ಹತ್ತು ವರ್ಷಗಳ ಆಸುಪಾಸಿನಲ್ಲಿ, 1936ರಿಂದ 1938ರ ನಡುವೆ, ಅಮೆರಿಕ ಸರ್ಕಾರ ಕಳಿಸಿದ ಬರಹಗಾರರು ಗುಲಾಮಗಿರಿ ಕಂಡ 2,300ಕ್ಕೂ ಹೆಚ್ಚು ಮುದುಕ ಮುದುಕಿಯರ ನೆನಪುಗಳನ್ನು ಬರೆದುಕೊಂಡರು. ತಾಯಿಯನ್ನು ವ್ಯಾಪಾರಿ ಕೊಂಡೊಯ್ದ ದಿನವನ್ನು ಅವರಲ್ಲಿ ಕೆಲವರು ಮರೆತಿರಲಿಲ್ಲ.

ಹಾಗೆಂದು ಈ ಮಾತನ್ನು ಬಳಸಲೇಬಾರದೆಂದು ನಾನು ಹೇಳುವುದಿಲ್ಲ. ಕೈಯಲ್ಲಿ ಅಧಿಕಾರವಿದ್ದವರು, ತಮ್ಮನ್ನು ನಂಬಿ ಬದುಕುವವರನ್ನು ಬೆಲೆಗೆ ಬಿಟ್ಟುಕೊಟ್ಟಾಗ ಇದಕ್ಕಿಂತ ತಕ್ಕ ಮಾತು ಇಂಗ್ಲಿಷಿನಲ್ಲಿ ಇಲ್ಲ. ಕೆಲಸ ಕಳೆದುಕೊಂಡ ಕಾರ್ಮಿಕ, ಜೀವನದ ದಾರಿ ಕಳೆದುಕೊಂಡ ಮೀನುಗಾರ ಇದನ್ನು ಆಡಿದರೆ ಮಾತು ತನ್ನ ಭಾರ ಉಳಿಸಿಕೊಳ್ಳುತ್ತದೆ. ಕೋಟಿಗಟ್ಟಲೆ ಸಂಬಳದ ಆಟಗಾರ ತಂಡ ಬದಲಿಸಿದ್ದಕ್ಕೆ, ಕಚೇರಿಯಲ್ಲಿ ಊಟದ ಸರದಿ ತಪ್ಪಿದ್ದಕ್ಕೆ ಇದನ್ನು ಎಳೆತರುವುದು ತಪ್ಪು. ಕನ್ನಡಕ್ಕೆ ಸುದ್ದಿ ಅನುವಾದಿಸುವ ಗೆಳೆಯರಿಗೂ ಒಂದು ಮಾತು: ‘ನದಿಯ ಕೆಳಗೆ ಮಾರಿದರು’ ಎಂದು ಹಾಗೇ ಇಳಿಸಿದರೆ ಓದುಗರಿಗೆ ಏನೂ ತಿಳಿಯದು. ‘ನಂಬಿಸಿ ಕತ್ತು ಕೊಯ್ದರು’ ಎಂದರೆ ಅರ್ಥ ಪೂರ್ತಿ ಬರುತ್ತದೆ, ಸಂದರ್ಭ ಮೆದುವಾಗಿದ್ದರೆ ‘ನಡುನೀರಿನಲ್ಲಿ ಕೈಬಿಟ್ಟರು’ ಎನ್ನಬಹುದು.

ಕೆಳಗೆ ಹೋದವರನ್ನು ಅವರ ಮನೆಯವರು ಮರೆಯಲಿಲ್ಲ. ನ್ಯೂ ಆರ್ಲಿಯನ್ಸ್‌ನಲ್ಲಿ 1877ರಲ್ಲಿ ಶುರುವಾದ ‘ಸೌತ್‌ವೆಸ್ಟರ್ನ್ ಕ್ರಿಶ್ಚಿಯನ್ ಅಡ್ವೊಕೇಟ್’ ಎಂಬ ಪತ್ರಿಕೆ ‘ಲಾಸ್ಟ್ ಫ್ರೆಂಡ್ಸ್’ ಎಂಬ ಅಂಕಣ ನಡೆಸಿತು. ಚಂದಾದಾರರಲ್ಲದವರು 50 ಸೆಂಟ್ ಕೊಟ್ಟರೆ, ಕಳೆದುಹೋದ ತಾಯಿ, ತಮ್ಮ, ಮಗಳ ಹೆಸರು, ಆಗಿನ ಒಡೆಯ ಯಾರು, ಕೊಂಡ ವ್ಯಾಪಾರಿ ಯಾರು, ಕೊನೆಗೆ ಕಂಡದ್ದು ಎಲ್ಲಿ ಎಂದು ಅಚ್ಚು ಹಾಕುತ್ತಿದ್ದರು. ಪತ್ರಿಕೆ ಸುಮಾರು ಐನೂರು ಪಾದ್ರಿಗಳ ಕೈ ಸೇರುತ್ತಿತ್ತು. ಓದು ಬಾರದ ಜನರಿಗಾಗಿ ಅವರು ಅದನ್ನು ಚರ್ಚುಗಳಲ್ಲಿ ಗಟ್ಟಿಯಾಗಿ ಓದಿ ಹೇಳುತ್ತಿದ್ದರು. ಮಾರಾಟವಾಗಿ ಮೂವತ್ತು ನಲವತ್ತು ವರ್ಷಗಳಾದ ಮೇಲೂ ಜನ ಹುಡುಕುತ್ತಲೇ ಇದ್ದರು. ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳವರೆಗೂ ಆ ಅಂಕಣ ನಡೆಯಿತು. ಅದರ 2,500ಕ್ಕೂ ಹೆಚ್ಚು ಜಾಹೀರಾತುಗಳನ್ನು ನ್ಯೂ ಆರ್ಲಿಯನ್ಸ್‌ನ ‘ಹಿಸ್ಟಾರಿಕ್ ನ್ಯೂ ಆರ್ಲಿಯನ್ಸ್ ಕಲೆಕ್ಷನ್’ ಸಂಸ್ಥೆ ಅಂತರ್ಜಾಲದಲ್ಲಿ ಯಾರು ಬೇಕಾದರೂ ನೋಡುವಂತೆ ತೆರೆದಿಟ್ಟಿದೆ. ಮುಂದಿನ ಸಲ ಈ ನುಡಿಗಟ್ಟು ಎದುರಾದಾಗ ಅವುಗಳಲ್ಲಿ ಎರಡು ಮೂರನ್ನಾದರೂ ತೆರೆದು ಓದಿ.